ಇಪ್ಪತ್ತೆರಡು ವರ್ಷ ಪಕ್ಕದಲ್ಲೇ ಹಾದು ಹೋದೆ, ಮೊನ್ನೆ ಇಳಿದು ನೋಡಿದೆ: ಮರಡಿಹಳ್ಳಿಯ ಪಿಲ್ಲೋ ಲಾವಾ

ಬೆಣ್ಣೆನಗರಿ

ಬೆಂಗಳೂರಲ್ಲಿ ಕೆಲಸ, ದಾವಣಗೆರೇಲಿ ಮನೆ. 2003ರಿಂದ ತಿಂಗಳಿಗೆ ಎರಡು ಸಲವಾದರೂ ಈ ದಾರಿ ತುಳಿದಿದ್ದೇನೆ. ಶುರು ಮಾಡಿದಾಗ ಇದು ಎನ್‌ಎಚ್ 4, ಈಗ 48. ಶಿರಾ ದಾಟಿ ಕಣ್ಣು ಮುಚ್ಚಿದರೆ ಹಿರಿಯೂರಲ್ಲಿ ಎಚ್ಚರ, ಇನ್ನೊಂದು ಜೊಂಪು ಹತ್ತಿದರೆ ದುರ್ಗದ ಗುಡ್ಡದ ಮೇಲಿನ ಗಾಳಿಯಂತ್ರ. ನಡುವಿನ ನಲವತ್ತು ಕಿಲೋಮೀಟರಲ್ಲಿ ಏನಿದೆ ಅಂತ ಯಾರಾದರೂ ಕೇಳಿದ್ದರೆ 'ಐಮಂಗಲದಲ್ಲಿ ಪೊಲೀಸ್ ಟ್ರೇನಿಂಗ್ ಸ್ಕೂಲಿದೆ' ಅಂತ ಹೇಳಿ ಸುಮ್ಮನಾಗ್ತಿದ್ದೆ.

ನಾಚಿಕೆ ಏನಂದ್ರೆ, ಮರಡಿಹಳ್ಳಿ ಹೆಸರು ನನಗೆ ಬಾಯಿಪಾಠ. ಎಫ್‌ಡಿಎ ಪರೀಕ್ಷೆಗೆ ಓದುವಾಗ ಉರು ಹೊಡೆದಿದ್ದೆ: ಕರ್ನಾಟಕದ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳು ಲಾಲ್‌ಬಾಗ್, ಸೇಂಟ್ ಮೇರೀಸ್, ಮರಡಿಹಳ್ಳಿ, ಪೆದ್ದಪಲ್ಲಿ. ಹೊಂದಿಸಿ ಬರೆಯಿರಿ ಅಂದ್ರೆ ಮರಡಿಹಳ್ಳಿಗೆ ಎದುರು 'ಪಿಲ್ಲೋ ಲಾವಾ', ಅಂದ್ರೆ ದಿಂಬಿನಾಕಾರದ ಲಾವಾ ಕಲ್ಲು. ಅಷ್ಟೇ. ಆ ಹಳ್ಳಿ ನಾನು ತೂಕಡಿಸೋ ಜಾಗದಲ್ಲೇ ಇದೆ ಅಂತ ಗೊತ್ತಾಗಿದ್ದು ಹೋದ ತಿಂಗಳು, ತಂಗಿ ಮಗ ಅದೇ ಪ್ರಶ್ನೆ ಇಟ್ಕೊಂಡು ನಕ್ಷೆ ತೆರೆದಾಗ.

ಮೊನ್ನೆ ಶನಿವಾರ ಕಾರಲ್ಲಿ ಹೊರಟಿದ್ವಿ. ನಾನು, ಹೆಂಡ್ತಿ, ಮಗಳು, ಅಮ್ಮ. ಈ ಸಲ ನಿಲ್ಲಿಸೇ ನಿಲ್ಲಿಸ್ತೀನಿ ಅಂತ ತುಮಕೂರಲ್ಲೇ ಘೋಷಣೆ ಮಾಡಿದ್ದೆ. ಆದ್ರೂ ಸರ್ವಿಸ್ ರಸ್ತೆಗೆ ಇಳಿಯೋ ಜಾಗ ತಪ್ಪಿ ಮುಂದೆ ಹೋಗಿಬಿಟ್ಟೆ. ಮುಂದಿನ ಅಂಡರ್‌ಪಾಸಲ್ಲಿ ನುಸುಳಿ ವಾಪಸ್ ಬಂದರೆ ಫೋನಿನ ಮ್ಯಾಪು ಯಾರದೋ ಈರುಳ್ಳಿ ಹೊಲದ ಬದುವಿಗೆ ತಂದು ನಿಲ್ಲಿಸಿ 'ನೀವು ತಲುಪಿದ್ದೀರಿ' ಅಂತು. ಕೊನೆಗೆ ಪೆಟ್ಟಿಗೆ ಅಂಗಡಿಯಲ್ಲಿ ಕೇಳಿದೆ. 'ಲಾವಾ' ಅಂದ್ರೆ ಅವರಿಗೆ ಮೊಬೈಲ್ ಕಂಪನಿ. 'ಸರ್ಕಾರದೋರು ಬೋರ್ಡ್ ಹಾಕಿರೋ ಕಲ್ಲು' ಅಂದೆ. 'ಓ, ಕಾಲೇಜ್ ಹುಡುಗ್ರು ಬರ್ತಾರಲ್ಲ, ಅದಾ' ಅಂತ ಕೈ ತೋರಿಸಿದರು.

ಹೋದ್ವಿ. ಸಣ್ಣ ದಿಬ್ಬ, ಸುತ್ತ ಬಳ್ಳಾರಿ ಜಾಲಿ, ಅಲ್ಲೊಂದು ಇಲ್ಲೊಂದು ತಂಗಡಿ ಹೂವು. ಕಪ್ಪಗೆ ಹಸಿರು ಬೆರೆತ ಬಂಡೆ. ಮಗಳು ಕಾರಿಂದ ಇಳಿದು ಒಂದು ಸುತ್ತು ನೋಡಿ 'ಇದೇನಾ?' ಅಂದ್ಲು. ಸುಳ್ಳು ಯಾಕೆ ಹೇಳಲಿ, ನನಗೂ ಅದೇ ಅನ್ನಿಸ್ತು. ಎತ್ತರ ಇಲ್ಲ, ನೀರು ಇಲ್ಲ, ಸೆಲ್ಫಿಗೆ ಹಿಂದೆ ಏನೂ ಇಲ್ಲ. ಹೆಂಡ್ತಿ ನೀರಿನ ಬಾಟಲಿ ಮುಚ್ಚಳ ತಿರುಗಿಸ್ತಾ ನನ್ನ ಮುಖ ನೋಡಿದ್ಲು, ಆ ನೋಟ ಇಲ್ಲಿರೋ ಗಂಡಸರಿಗೆಲ್ಲ ಗೊತ್ತು.

ಅಮ್ಮನಿಗೆ ಎಪ್ಪತ್ತೊಂದು, ಮಂಡಿ ನೋವು. ಅವರು ತಿರುಗಾಡದೆ ಒಂದು ಕಲ್ಲಿನ ಮೇಲೆ ಕೂತರು. ಐದು ನಿಮಿಷ ಸುಮ್ಮನೆ ಎದುರಿನ ಬಂಡೆ ನೋಡಿ, 'ಇದು ಮುದ್ದೆ ಒಟ್ಟಿದಂಗೆ ಐತಲ್ಲೋ' ಅಂದರು. 'ಬಿಸಿ ಮುದ್ದೆ ಕಟ್ಟಿ ಒಂದರ ಮೇಲೊಂದು ಇಟ್ರೆ ಮೇಲಿಂದು ಕೆಳಗಿನ ಎರಡರ ಸಂದಿಗೆ ಇಳಿದು ಕೂರುತ್ತೆ. ತಲೆ ಗುಂಡಗೇ ಇರುತ್ತೆ, ತಳ ಚೂಪಾಗುತ್ತೆ. ನೋಡು, ಆ ಕಲ್ಲು ಹಂಗೇ ಐತೆ.'

ಆಮೇಲೆ ನೋಡಿದ್ರೆ ಎಲ್ಲೆಲ್ಲೂ ಮುದ್ದೆ! ಒಂದು ಬಂಡೆ ಅಂದುಕೊಂಡಿದ್ದು ಒಂದು ಬಂಡೆ ಅಲ್ಲವೇ ಅಲ್ಲ, ಒಟ್ಟಿದ ರಾಶಿ. ಒಂದೊಂದಕ್ಕೂ ಬೆರಳಗಲದ ಅಂಚು, ಬೇರೆ ಬಣ್ಣದ್ದು, ಸೀರೆಗೆ ಬಾರ್ಡರ್ ಇದ್ದ ಹಾಗೆ. ಕೆಲವು ಮುದ್ದೆ ಗಾತ್ರ, ಕೆಲವು ದಿಂಬು, ಒಂದೆರಡು ಭತ್ತದ ಮೂಟೆಯಷ್ಟು. ಮಗಳು ಒಂದೊಂದರ ಅಂಚಿನ ಮೇಲೂ ಬೆರಳಾಡಿಸಿ ಎಣಿಸಕ್ಕೆ ಶುರು ಮಾಡಿದ್ಲು, ಅರವತ್ತಮೂರಕ್ಕೆ ಓತಿಕ್ಯಾತ ಅಡ್ಡ ಬಂದು ಲೆಕ್ಕ ತಪ್ತು. ಹತ್ತು ನಿಮಿಷ ಅಂತ ನಿಂತವರು ಒಂದೂಮುಕ್ಕಾಲು ಗಂಟೆ ಇದ್ವಿ.

ನನ್ನ ಪ್ರಶ್ನೆ: ಇದು ನಿಜವಾಗಿ ಹೇಗೆ ಆಯ್ತು? ತಿಳಿದವರು ಸರಳವಾಗಿ ಹೇಳಿ. ಮತ್ತೆ, ನಿಮ್ಮ ನಿಮ್ಮ ದಾರಿಯಲ್ಲಿ ಹೀಗೆ ವರ್ಷಗಟ್ಟಲೆ ಬಿಟ್ಟು ಹೋದ ಜಾಗ ಯಾವುದು?

ಹೈವೇ ಹುಲಿ

ಅಣ್ಣಾ, ಕಲ್ಲು ನೋಡಕ್ಕೆ ಒಂದೂಮುಕ್ಕಾಲು ಗಂಟೆನಾ? ಇನ್ನೊಂದಿಷ್ಟು ಮುಂದೆ ಹೋಗಿದ್ರೆ ಏಳು ಸುತ್ತಿನ ಕೋಟೆ ಇತ್ತು. ಅದೂ ಕಲ್ಲೇ, ಜೊತೆಗೆ ಓಬವ್ವನ ಕಿಂಡಿ ಫ್ರೀ.

ಬೆಣ್ಣೆನಗರಿ

ಕೋಟೆ ನಾಲ್ಕು ಸಲ ಹತ್ತಿದೀನಿ ಸ್ವಾಮಿ. ಕೋಟೆಗೆ ಹೋಗೋದಕ್ಕೆ ಯಾರೂ ಮರೆಯಲ್ಲ.

ಗಟ್ಟಿಕಲ್ಲು

ಭೂವಿಜ್ಞಾನದಲ್ಲಿ ಎಂಎಸ್ಸಿ ಮಾಡಿದವನು, ಮರಡಿಹಳ್ಳಿಗೆ ಬಂದ 'ಕಾಲೇಜ್ ಹುಡುಗ್ರ' ಪೈಕಿ ಒಬ್ಬ. ಮೊದಲು ನಿಮ್ಮ ತಾಯಿಯವರಿಗೆ ನಮಸ್ಕಾರ. ನಮಗೆ ಮೇಷ್ಟ್ರು ಒಂದು ಇಡೀ ಪೀರಿಯಡ್ ಬೋರ್ಡ್ ಮೇಲೆ ಚಿತ್ರ ಬರೆದು ಹೇಳಿದ್ದನ್ನು ಅವರು ಕೂತಲ್ಲೇ ಹೇಳಿದ್ದಾರೆ.

ಮುದ್ದೆಯಿಂದಲೇ ಹೇಳ್ತೀನಿ. ಮುದ್ದೆ ಕಟ್ಟುವಾಗ ಕೈ ನೀರಿಗೆ ಅದ್ದುತ್ತೀರಿ. ಮೇಲೆ ತಣ್ಣಗೆ ನುಣ್ಣನೆ ಪದರ, ಒಳಗೆ ಕೈ ಸುಡುವ ಬಿಸಿ. ಇಲ್ಲೂ ಅದೇ ಕಥೆ. ಸಮುದ್ರದ ತಳದಲ್ಲಿ ನೆಲ ಸೀಳಿ ಲಾವಾ ಬಂತು. ಬಸಾಲ್ಟ್ ಜಾತಿಯ ಲಾವಾ, ಸುಮಾರು 1100ರಿಂದ 1200 ಡಿಗ್ರಿ ಸೆಲ್ಸಿಯಸ್. ನೀರು ತಾಗಿದ ಕ್ಷಣ ಹೊರಮೈ ಗಾಜಿನ ಹಾಗೆ ಗಟ್ಟಿಯಾಯ್ತು. ಒಳಗೆ ಇನ್ನೂ ದ್ರವ. ಹಿಂದಿನಿಂದ ಒತ್ತಡ ಬರ್ತಾನೇ ಇದೆ, ಆ ಚರ್ಮ ಎಲ್ಲೋ ಬಿರಿದು ಟೂತ್‌ಪೇಸ್ಟ್ ಥರ ಇನ್ನೊಂದು ಉಂಡೆ ಹೊರಗೆ ಬರುತ್ತೆ, ಅದಕ್ಕೂ ಚರ್ಮ ಕಟ್ಟುತ್ತೆ. ಹೀಗೆ ಉಂಡೆ ಮೇಲೆ ಉಂಡೆ. ಮೇಲೆ ಬಿದ್ದದ್ದು ಇನ್ನೂ ಮೆತ್ತಗಿರೋದರಿಂದ ಕೆಳಗಿನ ಎರಡರ ಸಂದಿಗೆ ಇಳಿಯುತ್ತೆ. ನೀವು ನೋಡಿದ 'ಸೀರೆ ಬಾರ್ಡರ್' ಆ ತಕ್ಷಣ ತಣ್ಣಗಾದ ಹೊರಪದರ. ಒಳಗಿನದ್ದು ನಿಧಾನ ತಣ್ಣಗಾದದ್ದು, ಅದಕ್ಕೇ ಕಣ ಬೇರೆ, ಬಣ್ಣ ಬೇರೆ.

ಗಾಳಿಯಲ್ಲಿ ಹರಿದ ಲಾವಾ ಹೀಗಾಗಲ್ಲ. ದಿಂಬು ಕಂಡರೆ ಅಲ್ಲಿ ನೀರಿತ್ತು ಅಂತಲೇ ಅರ್ಥ, ಬೇರೆ ಸಾಕ್ಷಿ ಬೇಡ.

ವಯಸ್ಸು: ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯವರು ಕೊಡೋ ಲೆಕ್ಕ 250 ಕೋಟಿ ವರ್ಷ. ಚಿತ್ರದುರ್ಗದ ಸುತ್ತ ಉದ್ದಕ್ಕೆ ಹಬ್ಬಿದ ಶಿಲಾಪಟ್ಟಿಯ ಜ್ವಾಲಾಮುಖಿ ಶಿಲೆಗಳು 260, 270 ಕೋಟಿವರೆಗೂ ಹೋಗುತ್ತವೆ. ಆಗ ಗಾಳಿಯಲ್ಲಿ ನಾವು ಉಸಿರಾಡುವಂಥ ಆಮ್ಲಜನಕವೇ ಇರಲಿಲ್ಲ. ಮೀನಿಲ್ಲ, ಹುಲ್ಲಿಲ್ಲ, ಕಣ್ಣಿಗೆ ಕಾಣುವ ಜೀವಿ ಒಂದೂ ಇಲ್ಲ. ಸೂಕ್ಷ್ಮಜೀವಿಗಳು ಮಾತ್ರ.

ಹೊಲದ ಬದು

ನಮ್ದು ಐಮಂಗಲ ಹೋಬಳಿ. ಈಗ ಬೆಂಗಳೂರು. ಒಂದು ಮಾತು ಹೇಳ್ತೀನಿ, ನಗಬೇಡಿ. ನಮ್ಮಪ್ಪ ಎಂಟುನೂರು ಅಡಿ ಬೋರ್ ಕೊರೆಸಿದ್ರು. ಧೂಳು ಬಂತು. ಇನ್ನೊಂದು ಕೊರೆಸಿದ್ರು, ಮತ್ತೆ ಧೂಳು. ಅದೇ ನೆಲದ ಮೇಲೆ ಸಮುದ್ರ ಇತ್ತು ಅಂತ ಗಟ್ಟಿಕಲ್ಲು ಸಾರ್ ಬರೀತಾವ್ರೆ. ಎಷ್ಟು ಅಡಿಗೆ ಸಿಗುತ್ತೆ ಸಾರ್ ಆ ನೀರು?

ಮಾರಿಕಣಿವೆ ಡ್ಯಾಮು ನಮ್ಮ ಪಕ್ಕದಲ್ಲೇ ಅಲ್ವಾ. 1933ರಲ್ಲಿ ಕೋಡಿ ಬಿದ್ದಿದ್ದು, ಆಮೇಲೆ 2022ಕ್ಕೆ. ಎಂಬತ್ತೊಂಬತ್ತು ವರ್ಷ. ನಮ್ಮಜ್ಜಿ 'ಕೋಡಿ ಬಿದ್ದಾಗ ನೋಡಿದ್ದೆ' ಅಂತ ಹೇಳಿದ್ರೆ ನಾವ್ಯಾರೂ ನಂಬ್ತಿರಲಿಲ್ಲ. 2025ರ ಜನವರೀಲಿ ಮತ್ತೆ ಬಿತ್ತು. ನೀರು ಇತ್ತು ಅನ್ನೋದನ್ನ ನಂಬೋಕೇ ನಮ್ಮೂರಲ್ಲಿ ಧೈರ್ಯ ಬೇಕು.

ಆ ಕಲ್ಲಿನ ಬಗ್ಗೆ: ಚಿಕ್ಕವರಿದ್ದಾಗ ಅದರ ಮೇಲೆ ಜಾರಿ ಚಡ್ಡಿ ಹರ್ಕೊಂಡಿದೀನಿ. ಆಡು ಮೇಯಿಸೋರು ನೆರಳಿಗೆ ಕೂರೋ ಜಾಗ. ನೆರಳೂ ಅಂಥಾದ್ದೇನಿಲ್ಲ. ಬೋರ್ಡ್ ಇದೆ ಅಂತ ಗೊತ್ತು, ಓದಿರಲಿಲ್ಲ.

ಇನ್ನೊಂದು. ನಮ್ಮ ಕಡೆ 'ಮರಡಿ' ಅಂದ್ರೇನೇ ಕಲ್ಲಿನ ದಿಬ್ಬ, ಬೋಳು ಗುಡ್ಡ. ಊರಿಗೆ ಹೆಸರು ಇಟ್ಟೋರು ಈ ಕಲ್ಲು ನೋಡೇ ಇಟ್ಟಿರ್ಬೇಕು ಅಂತ ಈಗ ಅನ್ನಿಸ್ತಿದೆ. ಸರ್ವೇ ಮಾಡೋರು ಬರೋಕ್ಕೆ ಎಷ್ಟು ಮುಂಚೆನೋ.

ಬೆಣ್ಣೆನಗರಿ

ಅಯ್ಯೋ, ಇದು ಹೊಳೆದೇ ಇರಲಿಲ್ಲ! ಮರಡಿ ಹಳ್ಳಿ. ಬಾಯಿಪಾಠ ಮಾಡಿದ್ದು ದಂಡ.

ಸಾಧನಕೇರಿ

ನಮಸ್ಕಾರ್ರಿ. ನಾ ಧಾರವಾಡದಾಂವ. ಒಂದು ಸಂಶೇ. ಪುಸ್ತಕದಾಗ ಎಲ್ಲಾ ಕಡೆ 'ಧಾರವಾಡ ಶಿಲಾವರ್ಗ' ಅಂತ ಬರೀತಾರ. ಚಿತ್ರದುರ್ಗದ ಕಲ್ಲಿಗೂ ನಮ್ಮ ಊರ ಹೆಸರು. ನಮ್ಮ ಊರಾಗ ನಾವು ಪೇಢೇ ಅಂಗಡಿ ಬಿಟ್ಟು ಏನೂ ತೋರಿಸೂದಿಲ್ಲರಿ. ಈ ಹೆಸರು ಯಾರಿಟ್ಟರು?

ಗಟ್ಟಿಕಲ್ಲು

ರಾಬರ್ಟ್ ಬ್ರೂಸ್ ಫೂಟ್. 1863ರಲ್ಲಿ ಮದ್ರಾಸಿನ ಬಳಿ ಪಲ್ಲಾವರಂನಲ್ಲಿ ಹಳೆ ಶಿಲಾಯುಗದ ಕೈಗೊಡಲಿ ಹೆಕ್ಕಿದವರು ಅಂತ ಇತಿಹಾಸದವರಿಗೆ ಗೊತ್ತು, ಆದರೆ ಅವರ ಕಸುಬು ಭೂವಿಜ್ಞಾನ. 1880ರ ದಶಕದಲ್ಲಿ ಈ ಪದರಶಿಲೆಗಳನ್ನು ಸುತ್ತಲಿನ ನೈಸ್ ಅನ್ನೋ ಪಟ್ಟೆಪಟ್ಟೆ ಶಿಲೆಯಿಂದ ಬೇರೆ ಮಾಡಿ 'ಧಾರವಾಡ' ಅಂತ ಹೆಸರಿಟ್ಟರು. ಹೆಸರು ಅಂಟಿಕೊಂಡಿತು. ಈಗ ದಕ್ಷಿಣ ಭಾರತದ ಈ ಇಡೀ ಪುರಾತನ ಭೂಖಂಡದ ತುಂಡಿಗೇ ಧಾರವಾಡ ಕ್ರೇಟಾನ್ ಅಂತಾರೆ, ಜಗತ್ತಿನ ಯಾವ ಮೂಲೆಯ ಭೂವಿಜ್ಞಾನಿಯನ್ನು ಕೇಳಿದರೂ ಧಾರವಾಡ ಗೊತ್ತು. ಪೇಢೆ ಗೊತ್ತಿಲ್ಲದಿರಬಹುದು.

ಚಿತ್ರದುರ್ಗದ ಪಟ್ಟಿ ಗದಗದ ಕಡೆಯಿಂದ ಶ್ರೀರಂಗಪಟ್ಟಣದ ದಿಕ್ಕಿಗೆ ನೂರಾರು ಕಿಲೋಮೀಟರ್ ಉದ್ದಕ್ಕೆ ಸಾಗುತ್ತೆ. ಕಪ್ಪತಗುಡ್ಡ ಅದರದ್ದೇ ಭಾಗ. ಮರಡಿಹಳ್ಳಿಗೆ ಹತ್ತಿರದ ಇಂಗಳದಾಳಿನಲ್ಲಿ ತಾಮ್ರ ತೆಗೀತಿದ್ದರಲ್ಲ, ಅದೂ ಈ ಸಮುದ್ರತಳದ ಜ್ವಾಲಾಮುಖಿಗಳ ನೆಂಟಸ್ತಿಕೆಯಲ್ಲೇ ಬರುವ ಅದಿರು.

ಸಾಧನಕೇರಿ

ಭಾಳ ಛಲೋ ಆತ್ರಿ. ನಾಳೆ ಕಟ್ಟೀ ಮ್ಯಾಲ ಇದನ್ನ ಹೇಳಿ ಎಲ್ಲಾರ ಬಾಯಿ ಮುಚ್ಚಸ್ತೀನಿ.

ತ್ರಾಸಿ ಬದಿ

ನಮ್ಮದು ಉಲ್ಟಾ ಮಾರಾಯ್ರೆ. ಮನೆ ಮರವಂತೆ ಹತ್ರ. ಒಂದು ಬದಿ ಕಡಲು, ಒಂದು ಬದಿ ಸೌಪರ್ಣಿಕಾ, ನಡುವೆ ಹೈವೇ 66. ಊರಿಗೆ ಊರೇ ಕಾರ್ ನಿಲ್ಸಿ ಫೋಟೋ ತೆಗೀತದೆ. ನಾನು ದಿನಾ ಬೈಕಲ್ಲಿ ಹೋಗ್ತೇನೆ, ಕೆಲಸಕ್ಕೆ ಸೇರಿದ ಮೇಲೆ ಒಂದು ದಿನ ಇಳಿದದ್ದಿಲ್ಲ. ಹೋದ ವರ್ಷ ಪಂಚರ್ ಆಯ್ತು, ಅಲ್ಲಿಯೇ. ಟೈರ್ ಕಳಚುವವರೆಗೆ ಕಡಲು ನೋಡ್ಕೊಂಡು ಕೂತೆ. ಚಂದ ಉಂಟು. ಪಂಚರ್ ಹಾಕುವವ ಕೇಳ್ದ, 'ಎಲ್ಲಿಂದ ಬಂದದ್ದು, ಟೂರಾ?' ಅಂತ.

ಪಟ್ಟಿಯಲ್ಲಿರುವ ಸೇಂಟ್ ಮೇರೀಸ್‌ಗೂ ಶಾಲೆಯಲ್ಲಿದ್ದಾಗ ಹೋದದ್ದೇ ಕಡೆ. ಮಲ್ಪೆಯಿಂದ ಬೋಟು. ಆ ಕಂಬದ ಕಲ್ಲಿನ ಮೇಲೆ ಕೂತು ಚಿತ್ರಾನ್ನ ತಿಂದದ್ದು ನೆನಪುಂಟು, ಕಲ್ಲು ನೆನಪಿಲ್ಲ. ಅದೂ ಇಷ್ಟೇ ಹಳತಾ?

ಗಟ್ಟಿಕಲ್ಲು

ಅಲ್ಲ, ಅದು ಮೊನ್ನೆ ಮೊನ್ನೆಯದು. ಸುಮಾರು 8.8 ಕೋಟಿ ವರ್ಷ. ಮಡಗಾಸ್ಕರ್ ನಮ್ಮಿಂದ ಬೇರ್ಪಡುವ ಹೊತ್ತಿನ ಲಾವಾ. ಅದು ಉಂಡೆ ಆಗಲಿಲ್ಲ, ತಣ್ಣಗಾಗಿ ಕುಗ್ಗುವಾಗ ಒಣಗಿದ ಕೆರೆ ಬಿರುಕು ಬಿಡೋ ಹಾಗೆ ಸೀಳಿ ಬಹುಭುಜದ ಕಂಬಗಳಾಯ್ತು.

ಹೈವೇ ಹುಲಿ

8.8 ಕೋಟಿ ವರ್ಷ 'ಮೊನ್ನೆ'. ಈ ಸಾರ್ ಹತ್ರ ಸಾಲ ತಗೋಬೇಕು, ವಾಪಸ್ ಕೊಡೋಕೆ ಅವಸರ ಮಾಡಲ್ಲ.

ವಾಕಿಂಗ್ ವೆಂಕಮ್ಮ

ನಾನು ಲಾಲ್‌ಬಾಗಿಗೆ ಮೂವತ್ತು ವರ್ಷದಿಂದ ಬೆಳಿಗ್ಗೆ ವಾಕಿಂಗ್ ಹೋಗುವವಳು. ಕೆಂಪೇಗೌಡರ ಗೋಪುರ ಇರೋ ಬಂಡೆ ಮೇಲೆ ನಮ್ಮ ಗುಂಪು ಕೂತು ಕಾಫಿ ಕುಡಿಯೋದು, ಸೊಸೆಯಂದಿರ ವಿಚಾರ ಮಾತಾಡೋದು. ಪಕ್ಕದ ಫಲಕ ಮೊಮ್ಮಗನಿಗೆ ಅಕ್ಷರ ಓದಿಸೋಕೆ ಅಂತ ಹೋದ ಯುಗಾದಿಗೆ ಮೊದಲ ಸಲ ಓದಿದೆ. ಮುನ್ನೂರು ಕೋಟಿ ವರ್ಷದ ಕಲ್ಲಂತೆ! ಮರಡಿಹಳ್ಳಿಯದಕ್ಕಿಂತ ಹಿರಿಯ. ಆವತ್ತಿಂದ ಕೂರುವಾಗ ಮೊದಲು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತೇನೆ. ನಮ್ಮ ಗುಂಪಿನವರು ನಗ್ತಾರೆ, ನಗಲಿ.

ಗಟ್ಟಿಕಲ್ಲು

ಆಂಟಿ, ಅದು ಪೆನಿನ್ಸುಲರ್ ನೈಸ್. ಆ ಹೆಸರು ಕೊಟ್ಟವರು ಮೈಸೂರು ಭೂವಿಜ್ಞಾನ ಇಲಾಖೆಯ ಸ್ಮೀತ್, 1916ರಲ್ಲಿ. ದುರ್ಗದ ದಿಂಬುಗಳೆಲ್ಲ ಆಮೇಲೆ ಬಂದವು, ನೈಸ್ ಅವುಗಳ ಅಡಿಗಲ್ಲು ಅಂತ ಇಟ್ಕೊಳ್ಳಿ. ಕಣ್ಣಿಗೊತ್ತಿಕೊಳ್ಳೋದರಲ್ಲಿ ತಪ್ಪೇನಿಲ್ಲ.

ಕುಂಬಳಗೋಡು ಸಿಗ್ನಲ್

ನನ್ನದು ದೊಡ್ಡ ಆಲದಮರ. ಮೈಸೂರು ರಸ್ತೆಯಲ್ಲಿ ಆ ತಿರುವಿನ ಮುಂದೆ ಟ್ರಾಫಿಕ್‌ನಲ್ಲಿ ಕೂತು ಬೈದುಕೊಂಡಿದ್ದೇ ಹೆಚ್ಚು. ಕೇತೋಹಳ್ಳಿಗೆ ಕೊನೆಗೂ ಹೋದಾಗ ಮರ ಎಲ್ಲಿ ಅಂತ ಹುಡುಕಿದೆ. ಮೂರು ಎಕರೆ ಹಬ್ಬಿದೆ ಅಂತಾರೆ, ಆದರೆ ನಡುವಿನ ಮೂಲ ಕಾಂಡವೇ ಇಲ್ಲ, ರೋಗ ಬಂದು ಹೋಗಿದೆ. ಬಿಳಲುಗಳೇ ಕಾಂಡಗಳಾಗಿ ನಿಂತಿವೆ. ಅಪ್ಪ ಇಲ್ಲದ ಮನೆಯಲ್ಲಿ ಮಕ್ಕಳೆಲ್ಲ ತಲೆ ಎತ್ತಿ ನಿಂತ ಹಾಗೆ. ಜೋಪಾನ, ಕೋತಿಗಳಿವೆ. ನನ್ನ ಚುರುಮುರಿ ಪೊಟ್ಟಣ ಅವಕ್ಕೇ ಹೋಯ್ತು.

ಚನ್ನಪಟ್ಟಣದ ಬೊಂಬೆ

ರಾಮನಗರದ ಬಂಡೆಗಳು. ಹಳೆ ರಸ್ತೇಲಿ ಬಸ್ ಊರೊಳಗೆ ನುಗ್ಗಿ ಹೋಗ್ತಿದ್ದಾಗ ದಿನಾ ಕಾಣೋದು, ದಿನಾ 'ಒಂದಿನ ಹತ್ತಬೇಕು' ಅನ್ನೋದು. 2023ರಲ್ಲಿ ಹೊಸ ರಸ್ತೆ ಆಯ್ತು, ಈಗ ಬೈಪಾಸಲ್ಲಿ ಬುರ್ ಅಂತ ಹೋಗ್ತೀವಿ. ಊರೊಳಕ್ಕೆ ಹೋಗೋದೇ ಇಲ್ಲ. ಇಳಿಯೋಕೆ ಸುಲಭ ಇದ್ದಾಗ ಇಳೀಲಿಲ್ಲ.

ಇದನ್ನು ಓದಿ ಹೋದ ಭಾನುವಾರ ಹಟ ಮಾಡಿ ರಾಮದೇವರ ಬೆಟ್ಟಕ್ಕೆ ಹೋಗಿ ಬಂದೆ. ರಣಹದ್ದು ಕಾಣಿಸ್ಲಿಲ್ಲ. ಬಂಡೆ ಮೇಲೆ ಅವುಗಳ ಹಿಕ್ಕೆಯ ಬಿಳಿ ಗೆರೆ ಕಂಡೆ, ಅಷ್ಟಕ್ಕೇ ಖುಷಿಪಟ್ಟೆ. 2012ರಿಂದ ಅದು ರಣಹದ್ದು ಧಾಮ, ಹಾಗಾಗಿ ಕಂಡ ಕಂಡ ಬಂಡೆ ಹತ್ತೋ ಹಾಗಿಲ್ಲ, ಸದ್ದು ಮಾಡೋ ಹಾಗಿಲ್ಲ. ಗಟ್ಟಿಕಲ್ಲು ಅವರೇ, ಅದೂ ಲಾವಾನಾ?

ಗಟ್ಟಿಕಲ್ಲು

ಲಾವಾ ಅಲ್ಲ, ಗ್ರಾನೈಟ್. ಹೊರಗೆ ಬರದೆ ನೆಲದ ಆಳದಲ್ಲೇ ನಿಧಾನವಾಗಿ ತಣ್ಣಗಾದ ಶಿಲಾದ್ರವ. ರಾಮನಗರದ ಹಳೆ ಹೆಸರು ಕ್ಲೋಸ್‌ಪೇಟೆ, ಅದರಿಂದ ಕ್ಲೋಸ್‌ಪೇಟ್ ಗ್ರಾನೈಟ್. ವಯಸ್ಸು ಹತ್ತಿರ ಹತ್ತಿರ 250 ಕೋಟಿ. ಒಂದೇ ಯುಗದ ಕೊನೆಯಲ್ಲಿ ಒಂದು ಕಡೆ ನೀರಲ್ಲಿ ಮುದ್ದೆ, ಇನ್ನೊಂದು ಕಡೆ ನೆಲದೊಳಗೆ ನಿಧಾನಕ್ಕೆ ಬೆಂದ ಪಾಯಸ.

ಸೊಹಾರ್ ಕನ್ನಡಿಗ

ಒಮಾನಿನಿಂದ ಬರೀತಿದ್ದೇನೆ, ಮೂಲತಃ ಬಂಟ್ವಾಳ. ಈ ಚರ್ಚೆ ಓದಿ ಕುರ್ಚಿಯಿಂದ ಎದ್ದೆ. ಸೊಹಾರ್‌ನಿಂದ ಬುರೈಮಿಗೆ ಹೋಗುವ ದಾರಿಯಲ್ಲಿ ವಾದಿ ಜಿಜ್ಜಿ ಅಂತ ಒಂದು ಕಣಿವೆ ಉಂಟು. ಕಂಪೆನಿ ಕೆಲಸಕ್ಕೆ ಒಂಬತ್ತು ವರ್ಷ ಆ ದಾರಿಯಲ್ಲಿ ಹೋಗಿದ್ದೇನೆ. ರಸ್ತೆ ಬದಿಯಲ್ಲೇ ಒಂದು ಕಂದು ಕಪ್ಪು ಗೋಡೆ, ಅದರ ತುಂಬ ಗುಂಡು ಗುಂಡು. ನಾನು ಸುಮ್ಮನೆ ಉರುಟು ಕಲ್ಲಿನ ರಾಶಿ ಎಂದುಕೊಂಡಿದ್ದೆ. ಇಲ್ಲಿ ಬರೆದದ್ದನ್ನು ಓದಿ ಶುಕ್ರವಾರ ಕಾರ್ ನಿಲ್ಲಿಸಿದೆ. ಬೆರಳಗಲದ ಅಂಚು, ಚೂಪು ತಳ, ಎಲ್ಲ ಹಾಗೆಯೇ! ಇದು ಅದೇನಾ?

ಗಟ್ಟಿಕಲ್ಲು

ಅಣ್ಣಾ, ನೀವು ಒಂಬತ್ತು ವರ್ಷ ಬಿಟ್ಟು ಹೋದದ್ದು ಜಗತ್ತಿನಲ್ಲೇ ಹೆಸರಾದ ಪಿಲ್ಲೋ ಲಾವಾ! 1975ರಲ್ಲಿ 'ಜಿಯೋಟೈಮ್ಸ್' ಅನ್ನೋ ಪತ್ರಿಕೆಯ ಮುಖಪುಟಕ್ಕೆ ಅದರ ಚಿತ್ರ ಬಂತು, ಅದಕ್ಕೇ ಜಿಯೋಟೈಮ್ಸ್ ಪಿಲ್ಲೋ ಲಾವಾ ಅಂತಲೇ ಕರೀತಾರೆ. ಸುಮಾರು 9.5 ಕೋಟಿ ವರ್ಷದ ಹಿಂದಿನ ಸಮುದ್ರತಳ, ಭೂಫಲಕಗಳು ತಳ್ಳಿಕೊಂಡು ಒಣನೆಲದ ಮೇಲೆ ಹತ್ತಿಸಿಬಿಟ್ಟಿವೆ. ಹೊರದೇಶದ ವಿದ್ಯಾರ್ಥಿಗಳು ವಿಮಾನದ ಟಿಕೆಟ್ ಹಾಕಿ ಬರ್ತಾರೆ.

ಎರಡನ್ನೂ ನೋಡಿದವರು ನಮ್ಮಲ್ಲಿ ಕಡಿಮೆ. ಊರಿಗೆ ಬಂದಾಗ ಮರಡಿಹಳ್ಳಿಗೂ ಹೋಗಿ. ಒಮಾನಿನದು ಹೊಸ ಪಾತ್ರೆ, ನಮ್ಮದು ಅಜ್ಜಿ ಕಾಲದ್ದು: ಒತ್ತಡ, ಬಿಸಿ ತಿಂದು ಖನಿಜಗಳೇ ಬದಲಾಗಿವೆ. ಆ ಹಸಿರು ಛಾಯೆ ಕ್ಲೋರೈಟ್‌ನಂಥ ಖನಿಜಗಳದ್ದು. ಅಷ್ಟೆಲ್ಲ ಆದರೂ ದಿಂಬಿನ ಆಕಾರ ಉಳಿದಿದೆಯಲ್ಲ, ಅದೇ ಅಲ್ಲಿ ಬೋರ್ಡ್ ಹಾಕೋಕೆ ಕಾರಣ.

ಸೊಹಾರ್ ಕನ್ನಡಿಗ

ಒಂಬತ್ತು ವರ್ಷ! ಹೆಂಡತಿಗೆ ಹೇಳಿದೆ. 'ನೀವು ಮದುವೆಗೆ ಮುಂಚೆ ನಮ್ಮ ಮನೆ ಎದುರೂ ಹಾಗೆಯೇ ಹೋಗ್ತಿದ್ದಿರಿ' ಅಂದಳು.

ಗುಡ್ಡದ ಹುಡುಗ

ಹೋಗಬೇಕು ಅಂತಿದೀನಿ. ಒಂದು ಸಣ್ಣ ಚೂರು ನೆನಪಿಗೆ ತಂದ್ರೆ ತಪ್ಪಾಗುತ್ತಾ? ಮನೇಲಿ ಅಕ್ವೇರಿಯಂ ಇದೆ, ಅದರೊಳಗೆ ಇಡೋಣ ಅಂತ.

ಗಟ್ಟಿಕಲ್ಲು

ತಪ್ಪು. ದಯವಿಟ್ಟು ಬೇಡ. ಎಪ್ಪತ್ತರ ದಶಕದಲ್ಲೇ ಸ್ಮಾರಕ ಅಂತ ಘೋಷಿಸಿದ ಜಾಗ ಅದು, ಗಾತ್ರ ನೋಡಿದ್ರೆ ಒಂದು ಮದುವೆ ಛತ್ರದಷ್ಟೂ ಇಲ್ಲ. ಬಂದವರೆಲ್ಲ ಒಂದೊಂದು ಚೂರು ತಂದರೆ ನಿಮ್ಮ ಮಕ್ಕಳಿಗೆ ಬೋರ್ಡ್ ಮಾತ್ರ ಉಳಿಯುತ್ತೆ. ಇದರಲ್ಲಿ ನಮ್ಮ ಜಾತಿಯವರ ಪಾಪವೂ ಇದೆ. ಭೂವಿಜ್ಞಾನದ ಹುಡುಗರ ಕೈಗೆ ಸುತ್ತಿಗೆ ಸಿಕ್ಕಿದರೆ ಬಡಿಯದೆ ಬಿಡಲ್ಲ. ನಾವು ಹೋದಾಗ ಮೇಷ್ಟ್ರು ಬಸ್ಸಲ್ಲೇ ಸುತ್ತಿಗೆಗಳನ್ನೆಲ್ಲ ಕಸಿದು ಸೀಟಿನ ಅಡಿ ಹಾಕಿದ್ದರು.

ಬೆಣ್ಣೆನಗರಿ

ಒಪ್ಪಿಕೊಳ್ತೀನಿ, ನನ್ನ ಮಗಳು ಒಂದು ಚೂರು ಜೇಬಿಗೆ ಹಾಕ್ಕೊಂಡಿದ್ಲು. ಬಂಡೆಯಿಂದ ಕಿತ್ತಿದ್ದಲ್ಲ, ಕೆಳಗೆ ಬಿದ್ದಿದ್ದು. ಅಮ್ಮ ನೋಡಿ, 'ಅಲ್ಲೇ ಇಡು, ಅದು ಹುಟ್ಟಿದ ಜಾಗ' ಅಂದ್ರು. ಎಲ್ಲಿಂದ ತಗೊಂಡಿದ್ಲೋ ಅದೇ ಜಾಗ ಹುಡುಕಿ ಇಟ್ಟು ಬಂದ್ಲು. ಅದಕ್ಕೇ ಕಾಲು ಗಂಟೆ ಹಿಡೀತು.

ಗುಡ್ಡದ ಹುಡುಗ

ಸರಿ, ಬಿಟ್ಟೆ. ಅಕ್ವೇರಿಯಂಗೆ ಬೆಂಗಳೂರಿನ ಜಲ್ಲಿಕಲ್ಲೇ ಸಾಕು. ಯಾವ ಹೊತ್ತಿಗೆ ಹೋದ್ರೆ ಒಳ್ಳೇದು?

ಹೊಲದ ಬದು

ಬೇಸಿಗೆ ಮಧ್ಯಾಹ್ನ ಹೋಗಬೇಡಿ, ಬಂಡೆ ಮೇಲೆ ದೋಸೆ ಹುಯ್ಯಬಹುದು. ಮಳೆ ಬಿದ್ದ ಮಾರನೇ ದಿನ ಬೆಳಿಗ್ಗೆ ಚೆನ್ನಾಗಿರುತ್ತೆ, ಒದ್ದೆ ಕಲ್ಲು ಬಣ್ಣ ಬಿಡುತ್ತೆ. ಜಾರುತ್ತೆ, ಚಡ್ಡಿ ಜೋಪಾನ. ಸುತ್ತಮುತ್ತ ಹೋಟೆಲು ಗೀಟ್ಲು ಅಂತ ನಂಬಬೇಡಿ, ನೀರು ತಗೊಂಡು ಹೋಗಿ. ಜಾಲಿ ಮುಳ್ಳು ಹವಾಯಿ ಚಪ್ಪಲಿ ತೂರಿ ಬರುತ್ತೆ, ಶೂ ಹಾಕ್ಕೊಳ್ಳಿ. ಪಕ್ಕದ ಹೊಲ ಯಾರದೋ ಇರುತ್ತೆ, ಪೈರು ತುಳಿಯಬೇಡಿ. ಹಾದಿ ಗೊತ್ತಾಗದಿದ್ರೆ ಕೇಳಿ, ನಮ್ಮ ಕಡೆ ಜನ ಹೇಳ್ತಾರೆ. 'ಎಲ್ಲಿಂದ ಬಂದ್ರಿ, ಯಾರ ಮನೆಯವರು' ಅಂತ ಎರಡು ಪ್ರಶ್ನೆ ವಾಪಸ್ ಬರುತ್ತೆ, ಅದಕ್ಕೆ ತಯಾರಾಗಿರಿ.

ಗಟ್ಟಿಕಲ್ಲು

ಒಂದು ಸೇರಿಸ್ತೀನಿ. ಸಂಜೆ ನಾಲ್ಕರ ಮೇಲೆ ಅಥವಾ ಬೆಳಿಗ್ಗೆ ಎಂಟರ ಒಳಗೆ. ಓರೆ ಬಿಸಿಲು ಬಿದ್ದರೆ ಒಂದೊಂದು ದಿಂಬಿನ ಅಂಚಿಗೂ ಸಣ್ಣ ನೆರಳು ಸಿಗುತ್ತೆ, ಆಗ ರಾಶಿ ಎದ್ದು ಕಾಣುತ್ತೆ. ಮಧ್ಯಾಹ್ನ ಎಲ್ಲ ಚಪ್ಪಟೆ. ಬೆಣ್ಣೆನಗರಿಯವರ ಮಗಳು 'ಇದೇನಾ' ಅಂದಿದ್ದು ಹನ್ನೆರಡು ಗಂಟೆ ಹೊತ್ತಿಗೆ ಅಂತ ನನ್ನ ಅಂದಾಜು.

ಬೆಣ್ಣೆನಗರಿ

ಹನ್ನೆರಡೂವರೆ.

ಹೈವೇ ಹುಲಿ

ಸರಿ ಕಣ್ರಪ್ಪ. ಬುಧವಾರ ಹುಬ್ಬಳ್ಳಿಗೆ ಹೋಗ್ತಿದ್ದೆ, ಹೆಂಡ್ತಿ ಜೊತೆಗಿದ್ಲು. ಇಷ್ಟೆಲ್ಲ ಓದಿ ಗೇಲಿ ಮಾಡಿದ ಮೇಲೆ ನಿಲ್ಲಿಸದೆ ಹೋದ್ರೆ ಮನಸ್ಸಿಗೆ ಒಂಥರಾ ಅಂತ ಐಮಂಗಲ ದಾಟಿದ ಮೇಲೆ ನಿಧಾನ ಮಾಡಿದೆ. ನೂರಹತ್ತರಿಂದ ನಲವತ್ತಕ್ಕೆ ಇಳಿಸಿದ್ದಕ್ಕೆ ಹಿಂದಿನ ಲಾರಿಯವನು ಹಾರ್ನ್ ಹೊಡೆದ ಹೊಡೆತ ಇನ್ನೂ ಕಿವಿಯಲ್ಲಿದೆ. ಒಳಗೆ ಹೋದ್ವಿ. ತುಂತುರು ಮಳೆ. ಯಾರೂ ಇರಲಿಲ್ಲ, ಎರಡು ಆಡು ಬಿಟ್ರೆ. ಕಲ್ಲು ಒದ್ದೆಯಾಗಿ ಹಸಿರು ಹಸಿರು. ಮೊದಲು ನನಗೇನೂ ಕಾಣಿಸ್ಲಿಲ್ಲ. ಬೆಣ್ಣೆನಗರಿಯವರ ಅಮ್ಮ ಕೂತ ಹಾಗೆ ಒಂದು ಕಡೆ ಕೂತೆ. ಪ್ಯಾಂಟ್ ನೆನೀತು. ಆಮೇಲೆ ಕಾಣಿಸ್ತು.

ಬೆಣ್ಣೆನಗರಿ ಅಣ್ಣಾ, ನಿಮ್ಮ ಅಮ್ಮನಿಗೆ ಒಂದು ವಿಷಯ ಹೇಳಿ. ನನ್ನ ಹೆಂಡ್ತಿ ಮಲೆನಾಡಿನವಳು. ಅದು ಮುದ್ದೆ ಅಲ್ಲವಂತೆ, ಕಡುಬಂತೆ. ಹಬೆಯಲ್ಲಿ ಬೆಂದ ಕಡುಬು ಬಿಸಿ ಬಿಸಿ ಒಟ್ಟಿದ್ರೆ ಹಾಗೇ ಒಂದಕ್ಕೊಂದು ಒತ್ತಿಕೊಳ್ಳುತ್ತಂತೆ.

ಬೆಣ್ಣೆನಗರಿ

ಓದಿ ಹೇಳಿದೆ. ಅಮ್ಮ ಒಪ್ಪಲಿಲ್ಲ. 'ಕಡುಬಿಗೆ ಎಲ್ಲಿಯ ಅಂಚು? ಮುದ್ದೆಗಾದ್ರೆ ಮೇಲೆ ಪದರ ಕಟ್ಟುತ್ತೆ' ಅಂದ್ರು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, 'ಅವರ ಮನೇಲಿ ಕಡುಬು ಹೆಂಗ್ ಮಾಡ್ತಾರೆ ಕೇಳು' ಅಂದ್ರು.